ವಾಡೆ ಕೆಡವಿದಾಗ ಹಳೇ ಕಲ್ಲು ಸಿಕ್ಕರೆ ಜಾಗ ಹೋಗುತ್ತದೆಯೇ?

ಪ್ರಶ್ನೆ: ಪುಣೆಯ ಕಸಬಾ ಪೇಟೆಯಲ್ಲಿ ನಮ್ಮ ಅಜ್ಜನ ಕಾಲದ ವಾಡೆ ಇದೆ. ಬಿಲ್ಡರ್‌ಗೆ ಕೊಡುವ ಮಾತು ನಡೆದಿದೆ. ಪಾಯ ತೆಗೆಯುವ ಮೊದಲು ಪುರಾತತ್ವದವರಿಂದ ಸರ್ವೆ ಮಾಡಿಸಲೇಬೇಕೆ? ಏನಾದರೂ ಸಿಕ್ಕರೆ ಸರ್ಕಾರ ಜಾಗ ಕಿತ್ತುಕೊಳ್ಳುತ್ತದೆ ಅಂತಾರಲ್ಲ?

ಇಲ್ಲಿನ ಕನ್ನಡಿಗರು ಇದನ್ನು ಗಣೇಶನ ಪೆಂಡಾಲಿನಲ್ಲಿ ಪ್ರಸಾದದ ದೊನ್ನೆ ಹಿಡಿದುಕೊಂಡೂ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ. ಇರಲಿ, ಮತ್ತೊಮ್ಮೆ ಹೇಳುತ್ತೇನೆ.

ಸ್ವಂತ ಜಾಗದಲ್ಲಿ ಕಟ್ಟುವವರೆಲ್ಲ ಮೊದಲು ಪುರಾತತ್ವ ಸರ್ವೆ ಮಾಡಿಸಬೇಕೆಂಬ ಕಾನೂನು ನಮ್ಮ ದೇಶದಲ್ಲಿಲ್ಲ. ನೀವು ಮೊದಲು ನೋಡಬೇಕಾದ್ದು ಅಂತರ. ಶನಿವಾರವಾಡಾ, ಪಾತಾಳೇಶ್ವರದಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರ್‌ನಲ್ಲಿ ಮುಂಗಡ ಅನುಮತಿ ಬೇಕು. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿ ಅದು. ಅಳೆಯುವುದು ಸಂರಕ್ಷಿತ ಪ್ರದೇಶದ ಗಡಿಯಿಂದ. ಶನಿವಾರವಾಡಾದ ಹೆಬ್ಬಾಗಿಲು ದಿಲ್ಲಿ ದರವಾಜಾದ ಮುಂದೆ ನಿಂತು ಹೆಜ್ಜೆ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಇನ್ನು ಆ ‘ಕಿತ್ತುಕೊಳ್ಳುವ’ ಕಥೆ. ಸಿಕ್ಕಿದ ಕಲ್ಲು ಸಿಕ್ಕ ದಿನವೇ ಸ್ಮಾರಕ ಆಗಿಬಿಡುವುದಿಲ್ಲ ಸ್ವಾಮಿ! 1958ರ ಅದೇ ಸ್ಮಾರಕ ಕಾಯ್ದೆಯ ಪ್ರಕಾರ ಸರ್ಕಾರ ಮೊದಲು ಗೆಜೆಟ್‌ನಲ್ಲಿ ಎರಡು ತಿಂಗಳ ನೋಟಿಸ್ ಕೊಡಬೇಕು, ಬಂದ ಆಕ್ಷೇಪಣೆಗಳನ್ನು ಕೇಳಬೇಕು, ಆಮೇಲೆ ಘೋಷಣೆ. ಘೋಷಣೆಯಾದ ಮಾತ್ರಕ್ಕೆ ಒಡೆತನವೂ ಹೋಗದು. ಖಾಸಗಿ ಒಡೆತನದಲ್ಲೇ ಉಳಿದ ಸಂರಕ್ಷಿತ ಸ್ಮಾರಕಗಳಿಗೆ ಕಾಯ್ದೆಯಲ್ಲೇ ಜಾಗವಿದೆ. ಭೂಮಿಯನ್ನೇ ತೆಗೆದುಕೊಳ್ಳಬೇಕಾದರೆ ಬೇರೆ ಸ್ವಾಧೀನ ಪ್ರಕ್ರಿಯೆ, ಅದಕ್ಕೆ ಪರಿಹಾರ.

ನಂಬಿಕೆ ಬರದಿದ್ದರೆ ಸ್ವಾರಗೇಟಿಗೆ ಹೋಗಿ ನೋಡಿ. 2019ರಲ್ಲಿ ಮೆಟ್ರೋ ಕೆಲಸದಲ್ಲಿ ನೆಲದಡಿ ಹಳೆಯ ದಾರಿಯೊಂದು ಬಾಯ್ತೆರೆಯಿತು. ಊರೆಲ್ಲ ‘ಪೇಶ್ವೆಗಳ ಗುಪ್ತ ಸುರಂಗ’ ಎಂದು ಗುಲ್ಲೆಬ್ಬಿಸಿತು. ಪೇಶ್ವೆಗಳು ಕಾತ್ರಜ್ ಕೆರೆಯಿಂದ ನೆಲದಡಿಯ ಕಾಲುವೆಯಲ್ಲಿ ಪೇಟೆಗಳ ಹೌದಗಳಿಗೆ, ಅಂದರೆ ನೀರಿನ ತೊಟ್ಟಿಗಳಿಗೆ, ನೀರು ತಂದ ಊರಲ್ಲಿ ನೆಲದಡಿ ಕಂಡಿದ್ದೆಲ್ಲ ಗುಪ್ತ ಸುರಂಗವೇ ಆಗಬೇಕೆ! ಕೆಲಸ ನಿಂತಿತೆ? 2024ರಲ್ಲಿ ಅಲ್ಲಿಗೇ ರೈಲು ಬಂತು.

ಈ ಹುಸಿ ಭಯದಿಂದಲೇ ರಾತ್ರೋರಾತ್ರಿ ಕಾಂಕ್ರೀಟ್ ಸುರಿದು ಮುಚ್ಚುತ್ತಾರೆ. ಹೋಗುವುದು ಜಾಗವಲ್ಲ, ಮಣ್ಣಿನ ಪದರ. ಗುಂಡಿಯ ಗೋಡೆಯಲ್ಲಿ ಒಂದರ ಮೇಲೊಂದು ಕೂತಿರುವ ಬೂದಿ, ಹಂಚು, ಮಡಕೆ ಚೂರು, ಯಾವುದು ಯಾವುದರ ಕೆಳಗಿದೆ ಎಂಬುದೇ ಓದಬೇಕಾದ್ದು. ಜೆಸಿಬಿ ಬಕೆಟ್ ಅದನ್ನು ಮಧ್ಯಾಹ್ನದೊಳಗೆ ಕಲಸಿಬಿಡುತ್ತದೆ. ಕಾನೂನು ಕೇಳದಿದ್ದರೂ, ಯರವಡಾದ ಡೆಕ್ಕನ್ ಕಾಲೇಜಿನ ಪುರಾತತ್ವ ವಿಭಾಗಕ್ಕೆ ಮೊದಲೇ ತಿಳಿಸಿ. ಪಾಯ ತೋಡುವಾಗ ಅಳತೆಗೋಲು ಇಟ್ಟು ಫೋಟೋ ತೆಗೆದಿಡಿ.

ಕೊಪ್ಪರಿಗೆ ಸಿಕ್ಕರೆ? ನೀವು ಕೇಳಲಿಲ್ಲ, ಮನಸ್ಸಲ್ಲಿದೆ. 1878ರ ನಿಧಿ ಕಾಯ್ದೆ ಇನ್ನೂ ಜಾರಿಯಲ್ಲಿದೆ: ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದ್ದು ಸಿಕ್ಕರೆ ಕಲೆಕ್ಟರ್‌ಗೆ ತಿಳಿಸಬೇಕು. ಇವತ್ತು ಒಂದು ವಡಾಪಾವ್ ಕೂಡ ಅದಕ್ಕಿಂತ ದುಬಾರಿ. ವಾರಸುದಾರರಿಲ್ಲವೆಂದು ತೀರ್ಮಾನವಾದರೆ, ಮೊದಲೇ ಬೇರೆ ಒಪ್ಪಂದವಿಲ್ಲದಿದ್ದರೆ, ಮುಕ್ಕಾಲು ಪಾಲು ಕಂಡವನಿಗೆ, ಕಾಲು ಪಾಲು ಜಾಗದ ಒಡೆಯನಿಗೆ. ಸರ್ಕಾರಕ್ಕೆ ಬೇಕೆನಿಸಿದರೆ ಲೋಹದ ಬೆಲೆಯ ಮೇಲೆ ಐದನೇ ಒಂದು ಭಾಗ ಸೇರಿಸಿ ಕೊಟ್ಟು ಕೊಳ್ಳಬಹುದು. ಬಿಲ್ಡರ್ ಜೊತೆಗಿನ ಕರಾರಿನಲ್ಲಿ ಪಾರ್ಕಿಂಗ್ ಬಗ್ಗೆ ಎರಡು ಪುಟ ಬರೆಸುತ್ತೀರಲ್ಲ, ಇದಕ್ಕೂ ಒಂದು ಸಾಲು ಬರೆಸಿ.