ಎಲ್‌ಇಡಿ ಬಲ್ಬು ಹೋಲ್ಡರಿನಲ್ಲಿ ಗಟ್ಟಿಯಾಗಿ ಕೂರುವುದು ಹೇಗೆ: ಕಾರಿನ ಸಣ್ಣ ದೀಪಗಳ ಟಿಪ್ಪಣಿ

ಪಾರ್ಕಿಂಗ್, ಬ್ರೇಕ್, ಇಂಡಿಕೇಟರ್ ದೀಪಗಳಿಗೆ ಎಲ್‌ಇಡಿ ಹಾಕಿದ ಮೇಲೆ ಗಾಡಿ ನಿಂತಾಗ ಸರಿಯಾಗಿ ಉರಿದು, ಹಂಪ್ ಹತ್ತಿದೊಡನೆ ಮಿಣುಕಿದರೆ ಬಲ್ಬನ್ನು ಬೈಯುವ ಮೊದಲು ಹೋಲ್ಡರ್ ನೋಡಿ. ಹಳೆಯ ಬಲ್ಬಿನಲ್ಲೂ ಅದೇ ಸಡಿಲ ಇದ್ದಿರಬಹುದು, ಕಣ್ಣಿಗೆ ಬಿದ್ದಿರುವುದಿಲ್ಲ. ಕಾದ ಟಂಗ್‌ಸ್ಟನ್ ತಂತಿ ಕ್ಷಣಕಾಲ ಕರೆಂಟ್ ತಪ್ಪಿದರೂ ಬೆಳಗುತ್ತಲೇ ಇರುತ್ತದೆ. ಎಲ್‌ಇಡಿ ತಕ್ಷಣ ಆರುತ್ತದೆ. ಜೊತೆಗೆ ಅಲ್ಯೂಮಿನಿಯಂ ಮೈಯ ಎಲ್‌ಇಡಿ ಗಾಜಿನ ಬಲ್ಬಿಗಿಂತ ಭಾರ. ತಲೆ ಅಲುಗಿದಷ್ಟೂ ಬುಡ ಸಡಿಲವಾಗುತ್ತದೆ.

ಪಾರ್ಕಿಂಗ್, ನಂಬರ್ ಪ್ಲೇಟ್ ದೀಪಗಳಲ್ಲಿ ಹೆಚ್ಚಾಗಿ ಇರುವುದು ಟಿ10, ಅಂದರೆ 5 ವ್ಯಾಟಿನ ಚಪ್ಪಟೆ ಬುಡದ ಬಲ್ಬು. ಕಷ್ಟವೆಲ್ಲ ಇದರಲ್ಲೇ. ಬುಡದ ಎರಡು ಮಗ್ಗುಲಲ್ಲಿ ಮೇಲಕ್ಕೆ ಮಡಚಿದ ಒಂದೊಂದು ತಂತಿ ಇರುತ್ತದೆ. ಹೋಲ್ಡರಿನ ಹಿತ್ತಾಳೆ ಪತ್ತಿಗಳು, ಅಂದರೆ ತೆಳು ಲೋಹದ ಪಟ್ಟಿಗಳು, ಅದನ್ನು ಒತ್ತಿ ಹಿಡಿಯಬೇಕು. ಅಗ್ಗದ ಎಲ್‌ಇಡಿಯಲ್ಲಿ ತಂತಿ ಮೆತ್ತಗಿದ್ದು, ತುರುಕುವಾಗ ಪಕ್ಕಕ್ಕೆ ಜಾರುತ್ತದೆ. ದೀಪ ಆರಿಸಿ, ಅದರ ಫ್ಯೂಸ್ ತೆಗೆದಿಡಿ. ತಂತಿಯನ್ನು ನೆಟ್ಟಗೆ ಮಾಡಿ, ಬುಡದ ತೋಡಿನೊಳಗೆ ಬಿಗಿಯಾಗಿ ಮಡಚಿ. ಎರಡೂ ಒಂದಕ್ಕೊಂದು ತಾಗುವಂತಿದ್ದರೆ ತುದಿ ಕತ್ತರಿಸಿ. ಹೋಲ್ಡರಿನ ಪತ್ತಿಯನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಒಳಕ್ಕೆ ಕೂದಲೆಳೆಯಷ್ಟು ಒತ್ತಿ, ಬಲ್ಬು ಹಾಕಿ ನೋಡಿ, ಸಾಲದಿದ್ದರೆ ಇನ್ನೊಮ್ಮೆ. ಮತ್ತೆ ಮತ್ತೆ ಬಗ್ಗಿಸಿದರೆ ಪತ್ತಿ ಮುರಿಯುತ್ತದೆ. ಬುಡ ದಪ್ಪಗಿರುವ ಎಲ್‌ಇಡಿಯನ್ನು ಬಲವಂತವಾಗಿ ಹಾಕಬೇಡಿ; ಪತ್ತಿ ಅಗಲಗೊಂಡರೆ ಮುಂದೆ ಮೂಲ ಬಲ್ಬೂ ನಿಲ್ಲದು. ಬಿಗಿಯಾಗಲೆಂದು ಸಿಗರೇಟ್ ಫಾಯಿಲ್ ತುರುಕುವುದು ಅಪಾಯ: ಅದು ಎರಡೂ ಪತ್ತಿಗಳನ್ನು ಮುಟ್ಟಿದರೆ ಫ್ಯೂಸ್ ಹೋಗುತ್ತದೆ. ಬಲ್ಬು ಉರಿಯದಿದ್ದರೆ ಕೆಟ್ಟಿದೆ ಎಂದುಕೊಳ್ಳುವ ಮೊದಲು ಕಿತ್ತು, ತಿರುಗಿಸಿ ಹಾಕಿ. ಎಲ್‌ಇಡಿಗೆ ಪ್ಲಸ್ಸು ಮೈನಸ್ಸು ಉಂಟು.

ಬ್ರೇಕ್ ದೀಪಕ್ಕೆ ಎರಡು ಫಿಲಮೆಂಟಿನ ಪಿ21/5ಡಬ್ಲ್ಯು ಬಲ್ಬು ಇದ್ದರೆ ಬುಡದ ಪಕ್ಕದ ಎರಡು ಗೂಟಗಳು ಏರುತಗ್ಗಾಗಿರುತ್ತವೆ. ಒಂದೇ ಫಿಲಮೆಂಟಿನ ಪಿ21ಡಬ್ಲ್ಯುನಲ್ಲಿ ಎರಡೂ ಸಮ. ಇಂಡಿಕೇಟರಿನ ಹಳದಿ ಪಿವೈ21ಡಬ್ಲ್ಯುನಲ್ಲಿ ಅವು ನೇರ ಎದುರುಬದುರಾಗಿರದೆ ಓರೆಯಾಗಿರುತ್ತವೆ. ಗೂಟ ಅರ ಹಾಕಿ ಸವೆಸುವವರಿದ್ದಾರೆ; ಬೇಡ, ಸರಿಯಾದ ನಮೂನೆ ತನ್ನಿ. ಒತ್ತಿ ತಿರುಗಿಸಿದಾಗ ಸ್ಪ್ರಿಂಗ್ ಮರುಒತ್ತು ಕೊಡದಿದ್ದರೆ ಒಳಗಿನ ತಟ್ಟೆ ಕಿಲುಬಿನಿಂದ ಸಿಕ್ಕಿಕೊಂಡಿದೆ. ಕರಾವಳಿಯ ಕಾರುಗಳಲ್ಲಿ ಇದನ್ನು ಮೊದಲು ನೋಡಿ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ನಯವಾದ ಎಮರಿ ಹಾಳೆಯಿಂದ ಉಜ್ಜಿ, ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿ. ಆ ಗ್ರೀಸ್ ಕರೆಂಟ್ ಹರಿಸದು, ಆದರೆ ಒತ್ತು ಸರಿಯಿದ್ದಲ್ಲಿ ಪಕ್ಕಕ್ಕೆ ಸರಿದು ನೀರನ್ನು ತಡೆಯುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಬೆಳಗುವುದು ಅರ್ತ್ (ಬಾಡಿಗೆ ಹೋಗುವ ಮೈನಸ್ ಸಂಪರ್ಕ) ಸರಿಯಿಲ್ಲದ ಗುರುತು.

ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯೇ ಇರಲಿ. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ಕೆಂಪು ಭಾಗ ಕಡಿಮೆ, ಹೀಗಾಗಿ ಬ್ರೇಕ್ ದೀಪ ಮಂಕಾಗುತ್ತದೆ. ಹಿಂದಿನ ಗಾಡಿಯವರಿಗೆ ಕಾಣಲೆಂದೇ ಅದಿರುವುದು.

ಒಳದೀಪದ ಉದ್ದ ಕೊಳವೆಯಂಥ ಬಲ್ಬು 31, 36, 39, 41 ಮಿ.ಮೀ. ಅಳತೆಗಳಲ್ಲಿ ಬರುತ್ತದೆ, ಅಳೆದೇ ಕೊಳ್ಳಿ.

ಇಂಡಿಕೇಟರ್ ಬೇಗಬೇಗ ಹೊಡೆದುಕೊಂಡರೆ ಅದು ಸಡಿಲದ ದೋಷವಲ್ಲ. 21 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಎಲ್‌ಇಡಿ ಅದಕ್ಕಿಂತ ಬಹಳ ಕಡಿಮೆ, ಹಾಗಾಗಿ ಬಲ್ಬು ಹೋಗಿದೆ ಎಂದು ಫ್ಲ್ಯಾಶರ್, ಅಂದರೆ ಇಂಡಿಕೇಟರನ್ನು ಮಿನುಗಿಸುವ ರಿಲೇ, ತಿಳಿಯುತ್ತದೆ. ಎಲ್‌ಇಡಿಗೆ ಹೊಂದುವ ಫ್ಲ್ಯಾಶರ್ ಸಿಕ್ಕರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಪ್ರತಿ ಬಲ್ಬಿಗೂ 6 ಓಮ್, 50 ವ್ಯಾಟಿನ ರೆಸಿಸ್ಟರ್ ಸಮಾಂತರವಾಗಿ ಬೇಕು. ಎಂಜಿನ್ ಓಡುವಾಗ 14 ವೋಲ್ಟ್ ಬಂದರೆ, ಬೆಳಗಿದ ಹೊತ್ತಿನಲ್ಲಿ ಅದು ಸುಮಾರು 33 ವ್ಯಾಟ್ ಶಾಖ ಬಿಡುತ್ತದೆ. ಬಂಪರಿನ ಪ್ಲಾಸ್ಟಿಕ್ಕಿಗಾಗಲೀ ವೈರಿಂಗಿಗಾಗಲೀ ತಾಗದಂತೆ, ಬಾಡಿಯ ಲೋಹಕ್ಕೆ ಸ್ಕ್ರೂ ಹಾಕಿ ಕೂರಿಸಿ.

ಕೊನೆಗೆ ಪರೀಕ್ಷೆ: ಫ್ಯೂಸ್ ಮತ್ತೆ ಹಾಕಿ, ಎಂಜಿನ್ ಚಾಲೂ ಮಾಡಿ, ದೀಪ ಹಾಕಿ, ಸ್ಕ್ರೂಡ್ರೈವರಿನ ಹಿಡಿಯಿಂದ ದೀಪದ ಮನೆಯ ಸುತ್ತ ಮೆಲ್ಲಗೆ ತಟ್ಟಿ. ಡಿಕ್ಕಿಯನ್ನು ನಾಲ್ಕಾರು ಸಲ ಜೋರಾಗಿ ಮುಚ್ಚಿ. ಇದರಲ್ಲಿ ಮಿಣುಕಿದ್ದು ರಸ್ತೆಯಲ್ಲೂ ಮಿಣುಕುತ್ತದೆ. ಸರಿಯಾದ ಮೇಲೆ ಹೋಲ್ಡರಿನ ರಬ್ಬರ್ ವಾಷರ್ ತಿರುಚದಂತೆ ಕೂರಿಸಿ, ಟಕ್ಕೆಂದು ನಿಲ್ಲುವವರೆಗೆ ತಿರುಗಿಸಿ.