ಸ್ಕ್ರೂ ಮೇಲೆ ಕ್ವಿಂಟಲ್ ಭಾರ ಹೇರಬೇಡಿ

ಇನ್ವರ್ಟರ್ ಬ್ಯಾಟರಿಗೆ ತಾವೇ ಮರದ ಕಪಾಟು ಮಾಡಿಕೊಳ್ಳುವವರು ಈಚೆಗೆ ಹೆಚ್ಚಾಗಿದ್ದಾರೆ. ಬಡಗಿಯಾಗಿ ನನಗದು ಸಂತೋಷವೇ. ಪ್ಲೈ ಅಂಗಡಿಯಲ್ಲಿ ಅಳತೆಗೆ ಕೊಯ್ದು ಕೊಡುತ್ತಾರೆ, ಡ್ರಿಲ್ಲು ಎಷ್ಟೋ ಮನೆಗಳಲ್ಲಿದೆ. ಆದರೆ ಸಲಹೆಗೆ ಬರುವವರದೆಲ್ಲ ಒಂದೇ ಪ್ರಶ್ನೆ: "18 ಎಂಎಂ ಪ್ಲೈ ಸಾಕಾ, 25 ಬೇಕಾ?" ಆ ಹಲಗೆ ಯಾವುದರ ಮೇಲೆ ಕೂರುತ್ತೆ ಅಂತ ನಾನು ಕೇಳಿದರೆ, "ಪಕ್ಕದ ಹಲಗೆಯಿಂದ ಸ್ಕ್ರೂ ಹೊಡೀತೀನಲ್ಲ!" ಅನ್ನುತ್ತಾರೆ. ನನ್ನ ತಾಳ್ಮೆ ತಪ್ಪುವುದು ಅಲ್ಲೇ.

150 ಎಎಚ್ ಟ್ಯೂಬುಲರ್ ಬ್ಯಾಟರಿ ಒಂದೊಂದೂ ಸುಮಾರು 50ರಿಂದ 60 ಕೆ.ಜಿ. ತೂಗುತ್ತದೆ. ಎರಡಿಟ್ಟರೆ ಕ್ವಿಂಟಲ್ ಲೆಕ್ಕ. ಪುಸ್ತಕದ ಕಪಾಟಿನ ಹಾಗೆ ಆಗಾಗ ಹಗುರಾಗುವ ಭಾರವಲ್ಲ ಇದು. ವರ್ಷಗಟ್ಟಲೆ ಹಗಲೂ ರಾತ್ರಿ ಒಂದೇ ಜಾಗದಲ್ಲಿ ಒತ್ತುತ್ತಲೇ ಇರುತ್ತದೆ.

ಹಾಸನದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಕಪಾಟಿನ ಚಿತ್ರವನ್ನು ಗ್ರಾಫ್ ಹಾಳೆಯ ಮೇಲೆ ಅಚ್ಚುಕಟ್ಟಾಗಿ ಬರೆದು ತಂದಿದ್ದರು. ಒಂದೊಂದು ಸ್ಕ್ರೂಗೂ ಗುರುತು ಹಾಕಿದ್ದರು. ಹಲಗೆಯ ಕೆಳಗೆ ಮಾತ್ರ ಏನೂ ಇರಲಿಲ್ಲ. ಹೇಳಿದೆ. "ಅಲ್ಲಪ್ಪಾ, ಸ್ಕ್ರೂ ಕಬ್ಬಿಣ. ಮರಕ್ಕಿಂತ ಗಟ್ಟಿಯಲ್ವೇ?" ಅಂದರು. ಒಳ್ಳೆಯ ಪ್ರಶ್ನೆ. ಬಹಳ ಜನ ಎಡವುವುದು ಈ ನಂಬಿಕೆಯಲ್ಲೇ.

ಸ್ಕ್ರೂ ಗಟ್ಟಿ, ನಿಜ. ಅದನ್ನು ಹಿಡಿದಿರುವುದು ಯಾವುದು? ಮರವೇ. ಬೆಂಡೆದಂಟಿಗಿಂತ ಸಣ್ಣ ಕಬ್ಬಿಣದ ಕಡ್ಡಿ ತನ್ನ ಪಾಲಿನ ಅಷ್ಟೂ ಭಾರವನ್ನು ತೂತಿನ ಅಂಚಿನ ಕೂದಲಗಲದ ಜಾಗಕ್ಕೆ ಒತ್ತುತ್ತದೆ. ಅಲ್ಲಿ ಮರ ನಜ್ಜುತ್ತದೆ, ದುಂಡಗಿದ್ದ ತೂತು ಉದ್ದವಾಗುತ್ತದೆ, ಹಲಗೆ ಎರಡು ಎಂಎಂ ಕೆಳಗಿಳಿಯುತ್ತದೆ. ಜೊತೆಗೆ ಹಲಗೆಯ ಅಂಚಿಗೆ ಹೋದ ಸ್ಕ್ರೂ ಪ್ಲೈನ ಪದರಗಳ ನಡುವೆಯೇ ತೂರಿರುತ್ತದೆ. ಭಾರ ಬಿದ್ದಂತೆಲ್ಲ ಪದರ ಬಿಚ್ಚಿಕೊಳ್ಳುತ್ತದೆ. ಪಾರ್ಟಿಕಲ್ ಬೋರ್ಡ್ ಆದರಂತೂ ಅಂಚು ಪುಡಿಪುಡಿ. ಸ್ಕ್ರೂ ಮುರಿದದ್ದಕ್ಕಿಂತ ತೂತು ಸಡಿಲವಾಗಿ ಕುಸಿದ ಕಪಾಟುಗಳನ್ನೇ ನಾನು ಹೆಚ್ಚಾಗಿ ರಿಪೇರಿ ಮಾಡಿರುವುದು.

ಹಾಗಾಗಿ ಹಲಗೆ ಮರದ ಮೇಲೆ ಕೂರಬೇಕು, ಆ ಮರ ನೆಲ ಮುಟ್ಟಬೇಕು. ಪಕ್ಕದ ಹಲಗೆಯ ಒಳಮೈಗೆ ಇನ್ನೊಂದು ಪ್ಲೈ ತುಂಡನ್ನು ಫೆವಿಕಾಲ್ ಬಳಿದು ಅಂಟಿಸಿ. ಅದು ನೆಲದಿಂದ ಎದ್ದು ಹಲಗೆಯ ಅಡಿಗೆ ಸರಿಯಾಗಿ ತಾಗುವಷ್ಟು ಎತ್ತರವಿರಲಿ. ಹಲಗೆಯನ್ನು ಅದರ ತಲೆಯ ಮೇಲಿಡಿ. ಮೇಲೆ ಇನ್ನೊಂದು ಅಂತಸ್ತು ಬೇಕಾದರೆ ಆ ಹಲಗೆಯ ಮೇಲೆ ಮತ್ತೊಂದು ತುಂಡು ನಿಲ್ಲಿಸಿ. ಸ್ಕ್ರೂ ಇರಲಿ, ಅದರ ಕೆಲಸ ಅತ್ತಿತ್ತ ಸರಿಯದಂತೆ ಹಿಡಿಯುವುದಷ್ಟೇ. ಮಲೆನಾಡಿನ ಹಳೇ ಮನೆಗಳಲ್ಲಿ ಕಂಬದ ಮೇಲೆ ಬೋದಿಗೆ, ಬೋದಿಗೆ ಮೇಲೆ ತೊಲೆ, ತೊಲೆ ಮೇಲೆ ಜಂತಿ ಕೂತಿರುವುದನ್ನು ನೋಡಿ. ಅಟ್ಟದ ತುಂಬ ಭತ್ತ ಪೇರಿಸಿದರೂ ಆ ಭಾರ ಮರದಿಂದ ಮರಕ್ಕೆ ಇಳಿದು ಕಂಬದ ಬುಡ ಸೇರುತ್ತದೆ.

ಇನ್ನು ದಪ್ಪದ ವಿಷಯ. 18ರ ಬದಲು 25 ಎಂಎಂ ಹಾಕಿದರೆ ಹಲಗೆಯ ಬಿಗಿ, ಅಂದರೆ ಬಾಗದೆ ನಿಲ್ಲುವ ಗುಣ, ಸುಮಾರು 2.7 ಪಟ್ಟಾಗುತ್ತದೆ. ಅದೇ 18 ಎಂಎಂ ಹಲಗೆಗೆ ನಡುವೆ ಒಂದು ಅಡ್ಡಗೋಡೆ ನಿಲ್ಲಿಸಿ ಅಂತರವನ್ನು ಅರ್ಧ ಮಾಡಿದರೆ, ಅಷ್ಟೇ ಭಾರಕ್ಕೆ ಬಾಗುವುದು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಉಳಿದ ತುಂಡಿನಲ್ಲೇ ಆಗುವ ಕೆಲಸ. ಪ್ಲೈನ ಮೇಲ್ಪದರದ ನಾರು ಹಲಗೆಯ ಉದ್ದಕ್ಕೆ ಓಡುವಂತೆ ಕೊಯ್ಸಿ. ಅಡ್ಡಕ್ಕೆ ಕೊಯ್ದದ್ದು ಬೇಗ ಬಾಗುತ್ತದೆ. ಹಿಂಬದಿಗೆ ಪೂರ್ತಿ ಹಲಗೆ ಹೊಡೆಯಿರಿ, ಇಲ್ಲದಿದ್ದರೆ ತಳ್ಳಿದಾಗ ಕಪಾಟು ಪಕ್ಕಕ್ಕೆ ವಾಲುತ್ತದೆ.

ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಅದು ಗಾಳಿಗಿಂತ ಹಗುರ, ಮೇಲೇರಿ ನಿಲ್ಲುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಅದಕ್ಕೇ ಮುಂದೆ ಬಾಗಿಲು ಬೇಡ, ಹಿಂಬದಿ ಹಲಗೆಯ ಮೇಲ್ಭಾಗದಲ್ಲಿ ದೊಡ್ಡ ಕಿಂಡಿಗಳಿರಲಿ. ಬ್ಯಾಟರಿಗೆ ನೀರು ಹಾಕಲು ಕೈ ಆಡುವಂತೆ ಮೇಲೆ ಒಂದಡಿಯಾದರೂ ಜಾಗ ಬಿಡಿ. ವೈರಿಂಗು, ಇನ್ವರ್ಟರ್ ಸುತ್ತ ಬಿಡಬೇಕಾದ ಜಾಗ, ಇವನ್ನು ಎಲೆಕ್ಟ್ರಿಷಿಯನ್ ಬಳಿಯೇ ಕೇಳಿ. ನಾನು ಹೇಳಬಲ್ಲದ್ದು ಮರದ ಕೆಲಸ ಮಾತ್ರ.

ಮೇಷ್ಟ್ರು ವಾರ ಬಿಟ್ಟು ಹೊಸ ಚಿತ್ರ ತಂದರು. ಆಧಾರಗಳೆಲ್ಲ ತಳದವರೆಗೆ ಇಳಿದಿದ್ದವು. ಆದರೆ ಮನೆಯವರಿಗೆ ಗುಡಿಸಲು ಅನುಕೂಲವಾಗಲಿ ಅಂತ ಚಕ್ರ ಸೇರಿಸಿದ್ದರು, ತಳದ ಹಲಗೆಯ ನಟ್ಟನಡುವೆ! ಚಕ್ರ ಬೇಕಾದರೆ ನಿಂತ ಮರದ ನೇರ ಕೆಳಗೇ ಬರಬೇಕು. ನೆಲ ಎಲ್ಲೂ ಪೂರ್ತಿ ಸಮ ಇರುವುದಿಲ್ಲ, ನಾಲ್ಕು ಚಕ್ರದಲ್ಲಿ ಒಂದು ಆಗಾಗ ತೇಲುತ್ತದೆ. ಕಪಾಟನ್ನೂ ಸೇರಿಸಿ ಒಟ್ಟು ತೂಕವನ್ನು ಮೂರರಿಂದ ಭಾಗಿಸಿ, ಒಂದೊಂದು ಚಕ್ರವೂ ಅಷ್ಟು ಹೊರುವಂಥದ್ದನ್ನೇ ತನ್ನಿ. ಮುಂದಿನ ಎರಡಕ್ಕೆ ಬ್ರೇಕ್ ಇರಲಿ.