ಗ್ರೌಂಡಿಂಗ್: ಹಳೆಯ ಭಯ ಮೈಗೆ ಮರಳಿದಾಗ

ಆಗಸ್ಟ್ ಬಂತೆಂದರೆ ಕೊಡಗಿನಲ್ಲಿ ಎಷ್ಟೋ ಜನಕ್ಕೆ ಮಳೆಯ ಸದ್ದು ಬೇರೆಯದೇ ಆಗಿ ಕೇಳಿಸುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಜೋಡುಪಾಲದ ಕಡೆ ಬರೆ (ಗುಡ್ಡದ ಇಳಿಜಾರು) ಕುಸಿದು ಮನೆ, ತೋಟ, ಜೀವಗಳು ಹೋದವು. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮೂರೂ ಆಗಸ್ಟ್ ತಿಂಗಳಲ್ಲೇ.

ಅಂದು ಮನೆ ಕಳೆದುಕೊಂಡು ಈಗ ಜಂಬೂರಿನ ಹೊಸ ಮನೆಯಲ್ಲಿರುವ ಒಬ್ಬರನ್ನು ಊಹಿಸಿಕೊಳ್ಳಿ. ರಾತ್ರಿ ಎಲ್ಲೋ ಮರ ಬಿದ್ದ ಸದ್ದು. ತಕ್ಷಣ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಬಾಯಿ ಒಣಗುತ್ತದೆ. ಬರಿಗಾಲಲ್ಲಿ ಬಾಗಿಲಿಗೆ ಓಡುತ್ತಾರೆ. ಅಂದಿನ ಆಘಾತವನ್ನು ಟ್ರಾಮಾ ಎನ್ನುತ್ತಾರೆ. ಅದನ್ನು ಮತ್ತೆ ಎಬ್ಬಿಸಿದ ಆ ಸದ್ದು ಟ್ರಿಗರ್. ಟ್ರಿಗರ್ ಸದ್ದೇ ಆಗಬೇಕೆಂದಿಲ್ಲ. ಹಸಿ ಮಣ್ಣಿನ ವಾಸನೆ, ಕರೆಂಟು ಹೋಗುವುದು, ಟಿವಿಯಲ್ಲಿ ಬಂದ ಹಳೆಯ ದೃಶ್ಯ, ಕ್ಯಾಲೆಂಡರಿನ ಒಂದು ತಾರೀಖು, ಯಾವುದೂ ಆಗಬಹುದು. ತೋಟದಲ್ಲಿ ಆನೆಗೆ ಎದುರಾಗಿ ಬದುಕಿ ಬಂದ ಕಾರ್ಮಿಕರಿಗೆ ಕಾಫಿ ಗಿಡ ಅಲ್ಲಾಡಿದರೂ ಸಾಕು.

ಇಂಥ ಹೊತ್ತಿನಲ್ಲಿ ಮೈಮನಸ್ಸನ್ನು ಹಳೆಯ ದಿನದಿಂದ ಬಿಡಿಸಿ, ಈಗಿರುವ ಜಾಗಕ್ಕೆ, ಈ ಹೊತ್ತಿಗೆ ತರುವುದೇ ಗ್ರೌಂಡಿಂಗ್. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ, ಇವೇ ಅದರ ಸಾಧನ.

ಮಾತಿಗಿಂತ ಇವುಗಳಿಗೆ ಜಾಸ್ತಿ ಬಲ ಯಾಕೆ? ಮೆದುಳಿನಲ್ಲಿ ಅಮಿಗ್ಡಲ ಎಂಬ ಪುಟ್ಟ ಭಾಗವಿದೆ. ಅಪಾಯದ ಸುಳಿವು ಸಿಕ್ಕರೆ ನಾವು ಯೋಚಿಸುವ ಮೊದಲೇ ಅದು ಮೈಯನ್ನು ಎಚ್ಚರಿಸುತ್ತದೆ. ಅಡ್ರಿನಲಿನ್ ಸುರಿಯುತ್ತದೆ, ಎದೆಬಡಿತ ಏರುತ್ತದೆ, ಓಡಲು ಸ್ನಾಯುಗಳು ಬಿಗಿಯುತ್ತವೆ. 'ಇದು ಅಂದಿನದು, ಇಂದಿನದಲ್ಲ' ಎಂದು ಬಿಡಿಸಿ ಹೇಳಬೇಕಾದ ಭಾಗಗಳು ಆಗ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿಯೇ 'ಆಗಿದ್ದು ಆಗಿ ಹೋಯ್ತು, ಧೈರ್ಯ ತಂದುಕೊ' ಎಂಬ ಮಾತು ಅವರಿಗೆ ತಲುಪುವುದೇ ಇಲ್ಲ. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಕೇಳಿದವರಿಗೆ ತಾನೇ ದುರ್ಬಲ ಅನ್ನಿಸಿಬಿಡುತ್ತದೆ. ಇದು ದುರ್ಬಲತೆ ಅಲ್ಲವೇ ಅಲ್ಲ.

ಒಂದು ಮುಖ್ಯ ವಿಷಯ ಮೊದಲೇ ಹೇಳಬೇಕು. ನಮ್ಮ ಊರಿನಲ್ಲಿ ಮಳೆಯ ಭಯ ಎಲ್ಲ ಸಲವೂ ಹಳೆಯದಲ್ಲ. ನೆಲದಲ್ಲಿ ಬಿರುಕು ಕಂಡರೆ, ಮರ ವಾಲಿದರೆ, ಇಲ್ಲದ ಕಡೆ ನೀರು ಚಿಮ್ಮಿದರೆ, ಜಾಗ ಬಿಡಿ ಎಂದು ಆಡಳಿತ ಹೇಳಿದ್ದರೆ, ಮೊದಲು ಹೊರಡಿ. ಗ್ರೌಂಡಿಂಗ್ ಸುರಕ್ಷಿತ ಜಾಗ ಸೇರಿದ ಮೇಲಿನ ಮಾತು.

ಜಾಗ ಸುರಕ್ಷಿತ ಎಂದು ಖಾತ್ರಿಯಾದರೆ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ ಕೂರಿ. ಕಣ್ಣು ಮುಚ್ಚಬೇಡಿ. ಕಣ್ಣು ಮುಚ್ಚಿದರೆ ಹಳೆಯ ದೃಶ್ಯ ಇನ್ನೂ ಹತ್ತಿರ ಬರುವ ಸಾಧ್ಯತೆ ಇದೆ. ಸುತ್ತ ಕಾಣುವ ಐದು ವಸ್ತುಗಳ ಹೆಸರನ್ನು ಬಾಯಿಬಿಟ್ಟು ಹೇಳಿ. ಆಮೇಲೆ ಮುಟ್ಟಬಹುದಾದ ನಾಲ್ಕು, ಕೇಳುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ. ಇದಕ್ಕೆ 5-4-3-2-1 ಎಂದೇ ಹೆಸರು. ಲೆಕ್ಕ ತಪ್ಪಿದರೆ ಏನೂ ಆಗುವುದಿಲ್ಲ. ರುಚಿಗೆ ಒಂದು ಏಲಕ್ಕಿ, ಎರಡು ಕಾಳುಮೆಣಸು, ನಾಲಿಗೆ ತುದಿಗೆ ಒಂದು ತೊಟ್ಟು ಕಾಚಂಪುಳಿ (ಕೊಡಗಿನ ಗಟ್ಟಿ ಹುಳಿರಸ) ಸಾಕು. ಖಾರ, ಹುಳಿ ಗಮನವನ್ನು ಬೇಗ ಸೆಳೆಯುತ್ತವೆ.

ಉಸಿರಾಟವೂ ಸಹಾಯಕ್ಕೆ ಬರುತ್ತದೆ. ಒಳಗೆ ಎಳೆದುಕೊಂಡದ್ದಕ್ಕಿಂತ ಉದ್ದವಾಗಿ, ನಿಧಾನಕ್ಕೆ ಹೊರಗೆ ಬಿಡಬೇಕು. ಉಸಿರು ಬಿಡುವಾಗ ವೇಗಸ್ ಎಂಬ ನರದ ಪ್ರಭಾವದಿಂದ ಎದೆಬಡಿತ ಸ್ವಲ್ಪ ಇಳಿಯುತ್ತದೆ. ಆದರೆ ಉಸಿರನ್ನೇ ಗಮನಿಸಿದರೆ ಕೆಲವರಿಗೆ ಗಾಬರಿ ಜಾಸ್ತಿಯಾಗುತ್ತದೆ. ಅಂಥವರು ಅದನ್ನು ಬಿಟ್ಟುಬಿಡಲಿ. ಇನ್ನು ಕೆಲವರು ಗಾಬರಿಯಾಗುವುದೇ ಇಲ್ಲ, ಕಲ್ಲಾಗಿ ಕೂತುಬಿಡುತ್ತಾರೆ, ಮಾತು ನಿಂತುಹೋಗುತ್ತದೆ. ಅವರಿಗೆ ಚಲನೆ ಬೇಕು. ಎದ್ದು ನಿಲ್ಲುವುದು, ಅಂಗೈಯಿಂದ ಗೋಡೆ ತಳ್ಳುವುದು, ನಾಲ್ಕು ಹೆಜ್ಜೆ ನಡೆಯುವುದು.

ಎಲ್ಲರಿಗೂ ಒಂದೇ ಸಲಹೆ ಕೊಡುವುದು ನನಗೆ ಒಪ್ಪಿಗೆಯಿಲ್ಲ. 'ಬರಿಗಾಲಲ್ಲಿ ಮಣ್ಣಿನ ಮೇಲೆ ನಿಲ್ಲಿ', 'ಮಳೆಯ ಸದ್ದು ಕೇಳುತ್ತಾ ಕೂರಿ' ಎಂಬ ಸಲಹೆಗಳನ್ನು ಸುಮ್ನೆ ಹಂಚುತ್ತಾರೆ. ಕೆಸರಿನಲ್ಲಿ ಮನೆ ಮುಳುಗಿದ್ದನ್ನು ಕಂಡವರಿಗೆ ಅದೇ ಟ್ರಿಗರ್ ಅಲ್ವಾ? ಅವರಿಗೆ ಒಣ ಕಂಬಳಿ, ಬೆಳಕು, ಬಿಸಿ ಕಾಫಿಯ ಲೋಟ ಒಳ್ಳೆಯದು. ತಮಗೆ ಏನು ಒಗ್ಗುತ್ತದೆ ಎಂದು ಬೇಸಿಗೆಯಲ್ಲೇ, ಮನಸ್ಸು ಸಮಾಧಾನವಾಗಿದ್ದಾಗಲೇ ನೋಡಿಕೊಂಡು ಅಭ್ಯಾಸ ಮಾಡಬೇಕು. ಗಾಬರಿಯ ನಡುವೆ ಹೊಸದನ್ನು ಕಲಿಯಲು ಆಗುವುದಿಲ್ಲ. ಬೇಕಾದ ವಸ್ತುಗಳನ್ನು ಟಾರ್ಚಿನ ಜೊತೆ ಒಂದೇ ಕಡೆ ಇಟ್ಟುಕೊಂಡರೆ ಕರೆಂಟು ಹೋದಾಗ ಹುಡುಕಬೇಕಿಲ್ಲ.

ಪಕ್ಕದಲ್ಲಿ ನೀವಿದ್ದರೆ, ಕೇಳದೆ ಮೈ ಮುಟ್ಟಬೇಡಿ. 'ಅಕ್ಕ, ನಾನು ಇಲ್ಲೇ ಇದ್ದೀನಿ. ಇದು ಜಂಬೂರು, ನಿಮ್ಮ ಹೊಸ ಮನೆ. ಮಕ್ಕಳು ಒಳಗೆ ಮಲಗಿದ್ದಾರೆ' ಎಂದು ಮೆಲ್ಲಗೆ ಹೇಳಿ. ಸ್ವಲ್ಪ ಬಿಟ್ಟು ಮತ್ತೆ ಹೇಳಿ. ಅಂದು ಏನಾಯಿತು ಎಂದು ಆಗ ಕೆದಕಬೇಡಿ.

ಗ್ರೌಂಡಿಂಗ್ ಆ ಹೊತ್ತನ್ನು ದಾಟಿಸುತ್ತದೆ, ಗಾಯವನ್ನು ಮಾಯಿಸುವುದಿಲ್ಲ. ಕೆಟ್ಟ ಕನಸು, ಬೆಚ್ಚಿಬೀಳುವುದು, ಆ ಜಾಗದ ಕಡೆಗೇ ಹೋಗದಿರುವುದು, ಇವೆಲ್ಲ ತಿಂಗಳು ಮೀರಿ ಉಳಿದು ದಿನದ ಕೆಲಸ ಕೆಡಿಸುತ್ತಿದ್ದರೆ ಅದು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಮಾನಸಿಕ ಕಾಯಿಲೆ, ಇರಬಹುದು. ಅದಕ್ಕೆ ಮಾತಿನ ಚಿಕಿತ್ಸೆ ಇದೆ, ಬೇಕಾದವರಿಗೆ ಔಷಧಿಯೂ ಇದೆ. ವರ್ಷಗಳು ಕಳೆದಿದ್ದರೂ ಫಲ ಸಿಗುತ್ತದೆ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.